ಕೊರವಂಗಲದಿಂದ ಕಲ್ಲುಕಂಬಗಳ ದ್ವೀಪಕ್ಕೆ

ಕೊರವಂಗಲದಲ್ಲಿ ಹುಟ್ಟಿ ಬೆಳೆದವನಿಗೆ ಕಲ್ಲಿನ ಕಂಬವೆಂಬುದು ಅಪೂರ್ವ ವಸ್ತುವಲ್ಲ. ಹಾಸನಕ್ಕೆ ಹತ್ತು ಕಿಲೋಮೀಟರು ದೂರದ ಈ ಗ್ರಾಮದಲ್ಲಿ ಬೂಚಿರಾಜನೆಂಬ ಅಧಿಕಾರಿಯು 1173ರಲ್ಲಿ, ಹೊಯ್ಸಳ ಎರಡನೆಯ ವೀರಬಲ್ಲಾಳನು ಪಟ್ಟವೇರಿದ ಸಂದರ್ಭದಲ್ಲಿ, ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದನು. ಶಿವನೂ ಸೂರ್ಯನೂ ಇಲ್ಲಿ ಎದುರುಬದುರಾಗಿ ನೆಲಸಿದ್ದಾರೆ. ಬಳಪದ ಕಲ್ಲನ್ನು ತಿರುಗಣೆಗೆ ಹಿಡಿದು ಕಡೆದ ಕಂಬಗಳ ನಡುವೆ ಚಿಕ್ಕಂದಿನಲ್ಲಿ ನಾವು ಕಣ್ಣುಮುಚ್ಚಾಲೆಯಾಡುತ್ತಿದ್ದೆವು. ಸಮೀಪದಲ್ಲಿಯೇ ಇರುವ ಗೋವಿಂದೇಶ್ವರ, ನಾಕೇಶ್ವರ ದೇವಾಲಯಗಳು ಪಾಳುಬಿದ್ದಿವೆ. ಆದರೂ ಅಲ್ಲಿಯೂ ಕಂಬಗಳಿಗೆ ಕೊರತೆಯಿಲ್ಲ. ಹೀಗಿರುವುದರಿಂದ, ಕಂಬವಿದ್ದಲ್ಲಿ ಕಡೆದವನು ಇದ್ದೇ ಇರಬೇಕೆಂಬುದು ನನ್ನ ಮನಸ್ಸಿನಲ್ಲಿ ತರ್ಕವಿಲ್ಲದೆಯೇ ನಾಟಿದ್ದ ನಂಬಿಕೆಯಾಗಿದ್ದಿತು. ಈ ನಂಬಿಕೆಯೇ ನನ್ನಿಂದ ಒಂದು ಅಪರಾಧವನ್ನು ಮಾಡಿಸಿತು. ಪ್ರವಾಸದ ವೃತ್ತಾಂತವನ್ನು ಹೇಳುವ ಮೊದಲು ಅದನ್ನು ಹೇಳಬೇಕು.

1996ನೆಯ ಇಸವಿಯ ಕಾರ್ತಿಕಮಾಸದಲ್ಲಿ ನಾನು ಉಪಾಧ್ಯಾಯನಾಗಿದ್ದ ಶಾಲೆಯ ಏಳನೆಯ ತರಗತಿಯ ಹುಡುಗರನ್ನು ಬೂಚೇಶ್ವರನ ಗುಡಿಗೆ ಕರೆದುಕೊಂಡು ಹೋಗಿ, ಕಂಬಗಳ ನುಣುಪನ್ನು ತೋರಿಸುತ್ತ, ಶಿಲ್ಪಿಯ ಕೈಚಳಕವನ್ನು ವರ್ಣಿಸುತ್ತಿದ್ದೆನು. ಆಗ ಮಲ್ಪೆಯಿಂದ ಬೆಂಗಳೂರಿಗೆ ಮೀನಿನ ಲಾರಿಯನ್ನು ಹೊಡೆಯುತ್ತಿದ್ದವನ ಮಗನೊಬ್ಬನು ಮುಂದೆ ಬಂದು, “ಮೇಷ್ಟ್ರೇ, ಸಮುದ್ರದ ನಡುವೆ ಇಂತಹ ಸಾವಿರ ಕಂಬಗಳಿವೆ. ಆರು ಮೂಲೆ. ಯಾರೂ ಕೆತ್ತಿದ್ದಲ್ಲವಂತೆ. ರಜದಲ್ಲಿ ನಮ್ಮಪ್ಪನ ಜೊತೆ ಹೋಗಿ ನೋಡಿದೆ” ಎಂದನು. ನಾನು, “ಕೆತ್ತುವವನಿಲ್ಲದೆ ಕಂಬವುಂಟೇನೋ? ಗುಡಿಯಲ್ಲಿ ನಿಂತು ಸುಳ್ಳು ಹೇಳಬೇಡ” ಎಂದು ಗದರಿಸಿದೆನು. ಹುಡುಗರು ಘೊಳ್ಳೆಂದು ನಕ್ಕರು. ಅಂದಿನಿಂದ ಅವನಿಗೆ ‘ಕಂಬ’ ಎಂಬ ಅಡ್ಡಹೆಸರಾಯಿತು. ಆ ವರ್ಷವೆಲ್ಲ ಅವನು ತರಗತಿಯಲ್ಲಿ ತಾನಾಗಿ ಬಾಯಿ ತೆರೆದುದನ್ನು ನಾನು ಕಾಣಲಿಲ್ಲ. ವರ್ಷಾಂತ್ಯಕ್ಕೆ ಶಾಲೆಯನ್ನೇ ಬಿಟ್ಟನು.

ಕೆಲವು ವರ್ಷಗಳ ಮೇಲೆ ಭೂವಿಜ್ಞಾನದ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಚಿತ್ರವು ಕಣ್ಣಿಗೆ ಬಿದ್ದಿತು. ಸಮುದ್ರದಿಂದ ಮೇಲೆದ್ದ ಕಂಬಗಳ ಗುಂಪು, ಆರು ಮೂಲೆ, ಕೆತ್ತಿದವರು ಯಾರೂ ಇಲ್ಲ. ಹೋಗಿ ನೋಡಬೇಕೆಂದು ಅಂದೇ ನಿಶ್ಚಯಿಸಿದೆನು. ಆದರೆ ಗೃಹಸ್ಥನ ನಿಶ್ಚಯಗಳು ಹೇಗೆ ನಡೆಯುತ್ತವೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ. ವಿಶ್ರಾಂತಿವೇತನ ಬರತೊಡಗಿದ ಮೇಲೆ, ಹೋದ ಮಾಘಮಾಸದಲ್ಲಿ, ಅದು ಕೈಗೂಡಿತು.

ಹಾಸನದಿಂದ ಬಾಡಿಗೆಯ ಮೋಟಾರು ಗೊತ್ತುಮಾಡಿದೆನು. ಅದನ್ನು ನಡೆಸುವವನು ನನ್ನ ಹಳೆಯ ಶಿಷ್ಯನೆಂದು ತಿಳಿದು ಸಂತೋಷವಾಯಿತು. ಅವನ ತಂದೆ ಮೀನಿನ ಲಾರಿಯವನಾಗಿದ್ದನೆಂದು ಕೇಳಿ ಎದೆ ಧಸಕ್ಕೆಂದಿತು. ಮುಖದ ಚಹರೆಯೂ ಅದೇ. ಇವನೇ ಆ ‘ಕಂಬ’ನೆಂದು ನಾನು ಮನಸ್ಸಿನಲ್ಲಿಯೇ ನಿರ್ಧರಿಸಿಕೊಂಡೆನು. ದ್ವೀಪದ ಮೇಲೆ ನಿಂತೇ ಇವನೊಡನೆ ಮಾತನಾಡಬೇಕೆಂದು ಸುಮ್ಮನಾದೆನು. ನನ್ನ ಪತ್ನಿಗೆ ಮಾತ್ರ ಈ ವಿಷಯ ಗೊತ್ತಿದ್ದಿತು.

ಪ್ರಾತಃಕಾಲ ಐದು ಘಂಟೆಗೆ ಹೊರಟು ಆಲೂರನ್ನು ದಾಟಿ ಸಕಲೇಶಪುರವನ್ನು ಸೇರಿದೆವು. ಹೇಮಾವತಿಯ ಮೇಲೆ ಮಂಜು ಹಾಸಿದ್ದಿತು. ಊರಾಚೆಯ ಗುಡ್ಡದ ಮೇಲೆ ಮಂಜರಾಬಾದಿನ ಕೋಟೆ. ಟಿಪ್ಪು ಸುಲ್ತಾನನು ಎಂಟು ಮೂಲೆಯ ನಕ್ಷತ್ರಾಕಾರದಲ್ಲಿ ಕಟ್ಟಿಸಿದುದು. ಅಲ್ಲಿಂದ ಮುಂದೆ ಶಿರಾಡಿಯ ಘಟ್ಟ. ಕೆಂಪುಹೊಳೆಯು ರಸ್ತೆಯ ಒತ್ತಿನಲ್ಲಿಯೇ ಹರಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಈ ಮಾರ್ಗವು ಎಷ್ಟೋ ಸಲ ಮುಚ್ಚಿಹೋಗಿದೆ. ಮಾಘದಲ್ಲಿ ಆ ಭಯವಿಲ್ಲ, ಲಾರಿಗಳ ಭಯವೊಂದೇ. ಗುಂಡ್ಯಕ್ಕೆ ಇಳಿಯುವ ಹೊತ್ತಿಗೆ ಹೊದ್ದ ಶಾಲು ಭಾರವಾಯಿತು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವುದನ್ನು ನೋಡಿ ಕೈಮುಗಿದು ಮುಂದುವರಿದೆವು.

ಘಟ್ಟವನ್ನು ಇಳಿದವನು ಕಲ್ಲನ್ನು ಗಮನಿಸುತ್ತ ಹೋದರೆ ದಾರಿ ಬೇಸರವಾಗದು. ಮೇಲಿನ ನಮ್ಮ ಸೀಮೆಯ ಬುಡದಲ್ಲಿರುವುದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಪಟ್ಟೆಪಟ್ಟೆಯ ಗಡಸು ಶಿಲೆ. ಕೆಳಗಿನ ತುಳುನಾಡಿನಲ್ಲಿ ಅದರ ಮೇಲೆ ಮುರಕಲ್ಲಿನ ಹೊದಿಕೆ. ಬಿಸಿಲು ಮಳೆಗಳು ಯುಗಯುಗಾಂತರದಿಂದ ಶಿಲೆಯನ್ನು ಕೊಳೆಯಿಸಿ, ಕರಗುವುದನ್ನು ತೊಳೆದುಬಿಟ್ಟು, ಕಬ್ಬಿಣದ ಅಂಶವನ್ನು ಉಳಿಸಿದುದರಿಂದ ಅದಕ್ಕೆ ಆ ಕೆಂಪು ಬಣ್ಣ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಂದಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಇಟ್ಟಿಗೆಯಂತೆ ಚೌಕವಾಗಿ ಕಡಿದು ಮನೆ ಕಟ್ಟುತ್ತಾರೆ. ಟಿಪ್ಪುವಿನ ಪತನಾನಂತರ ಈ ಸೀಮೆಗಳಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮಲೆಯಾಳ ದೇಶದಲ್ಲಿ ಕಂಡ ಇದೇ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದನು. ಲೋಕವೆಲ್ಲ ಇಂದಿಗೂ ಆ ಹೆಸರನ್ನೇ ಹೇಳುತ್ತದೆ. ಕಡಿಯುವವರು ಮಾತ್ರ ಮುರಕಲ್ಲು ಎನ್ನುತ್ತಾರೆ.

ಮಂಗಳೂರಿನಿಂದ ಉತ್ತರಕ್ಕೆ ಕರಾವಳಿಯ ಹೆದ್ದಾರಿ. ಸುರತ್ಕಲ್ಲು, ಮೂಲ್ಕಿ, ಪಡುಬಿದ್ರಿ, ಕಾಪು. ಒಂದು ಊರು ಮುಗಿಯುವುದರೊಳಗೆ ಇನ್ನೊಂದು ಹೊಳೆಯ ಸೇತುವೆ. ಕಾಪುವಿನಲ್ಲಿ ಮೋಟಾರನ್ನು ನಿಲ್ಲಿಸಿ, ಸಮುದ್ರದ ಅಂಚಿನ ಹೆಬ್ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡಿದೆವು. ಉಡುಪಿಯಲ್ಲಿ ಕೃಷ್ಣದರ್ಶನ, ಮಧ್ಯಾಹ್ನದ ಪ್ರಸಾದ. ಇವನ್ನು ಎಷ್ಟೋ ಲೇಖಕರು ನನಗಿಂತ ಚೆನ್ನಾಗಿ ವರ್ಣಿಸಿರುವುದರಿಂದ ನಾನು ಮುಂದೆ ಹೋಗುತ್ತೇನೆ. ರಾತ್ರಿ ಉಡುಪಿಯಲ್ಲಿಯೇ ಕಳೆದು, ಬೆಳಿಗ್ಗೆ ಮಲ್ಪೆಗೆ ಹೊರಟೆವು.

ಮಲ್ಪೆಯ ತೀರದಲ್ಲಿ ಬಲರಾಮನ ವಡಭಾಂಡೇಶ್ವರ ದೇವಾಲಯವಿದೆ. ಬಿರುಗಾಳಿಗೆ ಸಿಕ್ಕಿ ತತ್ತರಿಸುತ್ತಿದ್ದ ಹಡಗನ್ನು ಶ್ರೀಮಧ್ವಾಚಾರ್ಯರು ಇಲ್ಲಿ ದಡ ಮುಟ್ಟಿಸಿದರೆಂದೂ, ನಾವಿಕನು ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ಉಡುಪಿಯ ಕೃಷ್ಣನು ದೊರೆತನೆಂದೂ ಸಂಪ್ರದಾಯವು ಹೇಳುತ್ತದೆ. ಬಂದರಿನಲ್ಲಿ ಬಣ್ಣಬಣ್ಣದ ಮೀನುಗಾರಿಕೆಯ ದೋಣಿಗಳು ಒಂದಕ್ಕೊಂದು ಹೆಗಲುಕೊಟ್ಟು ನಿಂತಿದ್ದುವು. ಬೂತಾಯಿ, ಬಂಗುಡೆಗಳ ಬುಟ್ಟಿಗಳು, ಮಂಜುಗಡ್ಡೆಯನ್ನು ಪುಡಿಮಾಡುವ ಯಂತ್ರಗಳ ಸದ್ದು. ನನ್ನ ಪತ್ನಿಯು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಮ್ಮ ಸಾರಥಿಯು ಮಾತ್ರ ದೀರ್ಘವಾಗಿ ಉಸಿರೆಳೆದುಕೊಂಡು, “ನಮ್ಮಪ್ಪನ ಅಂಗಿ ಹೀಗೇ ವಾಸನೆ ಬರುತ್ತಿತ್ತು ಮೇಷ್ಟ್ರೇ” ಎಂದನು.

ಮಳೆಗಾಲದಲ್ಲಿ ದ್ವೀಪಕ್ಕೆ ಹೋಗಗೊಡುವುದಿಲ್ಲ. ಉಳಿದ ತಿಂಗಳುಗಳಲ್ಲಿ ದೋಣಿಗಳು ಹೋಗಿಬರುತ್ತವೆ. ತೇಲುವ ಅಂಗಿಯನ್ನು ತೊಟ್ಟು ಮೂವರೂ ಕುಳಿತೆವು. ಘಟ್ಟದ ಮೇಲಿನವರಿಗೆ ಸಮುದ್ರದ ಮೇಲೆ ಕುಳಿತುಕೊಳ್ಳುವ ಅಭ್ಯಾಸವೆಲ್ಲಿಯದು? ದೋಣಿ ಎದ್ದೊಡನೆ ನಾನು ವಿಷ್ಣುಸಹಸ್ರನಾಮವನ್ನು ಆರಂಭಿಸಿದೆನು. ಅದು ಮುಗಿಯುವ ಮೊದಲೇ ತೆಂಗಿನ ತಲೆಗಳೂ ಅವುಗಳ ಕೆಳಗೆ ಕಪ್ಪು ಅಂಚೂ ಕಾಣಿಸಿಕೊಂಡುವು.

ಇಲ್ಲಿರುವುವು ಮುಖ್ಯವಾಗಿ ನಾಲ್ಕು ದ್ವೀಪಗಳು. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ತೋನ್ಸೆಪಾರ್ ಎಂದೂ ಇದಕ್ಕೆ ಹೆಸರು. ಉಳಿದುವು ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹಾದ್ದೂರ್ ಗಡ. ಪೋರ್ಚುಗೀಸರ ವಾಸ್ಕೊ ಡ ಗಾಮನು 1498ರಲ್ಲಿ ಇಲ್ಲಿಗೆ ಬಂದು, ಮೇರಿಮಾತೆಯ ಹೆಸರನ್ನಿಟ್ಟನೆಂದು ಪ್ರತೀತಿ. ತೆಂಗಿನ ದ್ವೀಪವು ಸುಮಾರು 500 ಮೀಟರು ಉದ್ದ, 100 ಮೀಟರು ಅಗಲ. ಅತ್ಯಂತ ಎತ್ತರದ ಸ್ಥಳವೂ ಸಮುದ್ರಕ್ಕಿಂತ ಹತ್ತು ಮೀಟರು ಮಾತ್ರ ಮೇಲಿದೆ. ಮನೆಮಾರುಗಳಿಲ್ಲ. ತೀರದ ಕೆಲವೆಡೆ ಮರಳಿಗೆ ಬದಲಾಗಿ ಒಡೆದ ಕಪ್ಪೆಚಿಪ್ಪುಗಳದೇ ಹಾಸು.

ಕಂಬಗಳು! ನಾನು ಚಿತ್ರದಲ್ಲಿ ಕಂಡಿದ್ದರೂ ಕಾಲು ಮುಂದಕ್ಕೆ ಹೋಗಲಿಲ್ಲ. ಅಳತೆಯ ದಾರ ಹಿಡಿದು ಕಡೆದಂತಹ ಮುಖಗಳು. ಒಂದರ ಮೈಗೆ ಒಂದು ಒತ್ತಿ, ನಡುವೆ ಗರಿಕೆಯ ಎಸಳು ತೂರುವಷ್ಟು ಮಾತ್ರ ಸಂದು. ಕೆಲವು ಆಳೆತ್ತರ, ಕೆಲವು ಆರು ಮೀಟರಿನವರೆಗೆ; ಕೆಲವು ಮುರಿದು ಮೆಟ್ಟಿಲಾಗಿವೆ. ಪಶ್ಚಿಮದ ಮಗ್ಗುಲಲ್ಲಿ ಅಲೆಗಳು ಬಂದು ಅವುಗಳ ಸಂದಿಯಲ್ಲಿ ನುಗ್ಗಿ, ಬೆಳ್ಳಗೆ ಮೇಲೆದ್ದು, ಮತ್ತೆ ಸಾವಿರ ಸಂದುಗಳಿಂದ ಇಳಿದುಹೋಗುತ್ತವೆ. ಅಲ್ಲಿಗೆ ಸಮೀಪಿಸಿದವರನ್ನು ಕಾವಲುಗಾರನು ಸೀಟಿಯೂದಿ ಹಿಂದಕ್ಕೆ ಕರೆಯುತ್ತಾನೆ. ಕಲ್ಲು ಪಾಚಿಯಿಂದ ಜಾರುತ್ತದೆ, ಕಡಲೂ ಅಲ್ಲಿ ಆಳ.

ನಾನು ಹೀಗೆ ಬೆರಗಾಗಿ ನಿಂತಿರಲು, ನನ್ನ ಪತ್ನಿಯು ಕಾಲಬಳಿಯ ಸಮತಟ್ಟಾದ ಕಂಬದ ತಲೆಗಳನ್ನು ನೋಡಿ, “ಇದೇನೂ ಅಂದರೆ, ಚೈತ್ರದಲ್ಲಿ ಬತ್ತಿದ ಕೆರೆಯ ಹಾಗಿದೆಯಲ್ಲ!” ಎಂದಳು.

ವಿದ್ವಾಂಸರ ವಿವರಣೆಯೂ ಇದಕ್ಕಿಂತ ಬಹಳ ದೂರವಿಲ್ಲ. ಸುಮಾರು ಎಂಟೂವರೆ ಕೋಟಿ ವರ್ಷಗಳ ಹಿಂದೆ ಈ ತೀರವು ತೀರವಾಗಿರಲಿಲ್ಲ. ಇಂದು ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರವು ಅಂದು ನಮ್ಮ ಭೂಮಿಗೆ ಅಂಟಿಕೊಂಡಿದ್ದಿತು. ಅವೆರಡೂ ಬೇರ್ಪಡುವ ಕಾಲದಲ್ಲಿ ನೆಲವು ಸೀಳಿ, ಕರಗಿದ ಶಿಲಾರಸವು ಹೊರಗೆ ಉಕ್ಕಿತು. ಅದು ಆರುತ್ತ ಬಂದಂತೆ ಕುಗ್ಗಿತು. ಕುಗ್ಗಿದಂತೆ ಮೇಲ್ಮೈ ಬಿರಿಯಿತು. ಕೆರೆಯ ಕೆಸರು ಒಣಗಿ ಬಿರಿಯುವುದೂ ಕುಗ್ಗುವುದರಿಂದಲೇ. ಅಲ್ಲಿ ನೀರು ಆರಿಹೋಗುತ್ತದೆ, ಇಲ್ಲಿ ಕಾವು. ಶಿಲೆಯು ಒಳಒಳಗೆ ತಣ್ಣಗಾಗುತ್ತ ಹೋದಂತೆಲ್ಲ ಬಿರುಕೂ ಕೆಳಕೆಳಗೆ ಇಳಿದು, ಕಂಬಗಳು ಬೇರ್ಪಟ್ಟುವು. ಎಲ್ಲ ಕಡೆಗೂ ಒಂದೇ ಸಮನಾದ ಎಳೆತವಿದ್ದಲ್ಲಿ ಬಿರುಕುಗಳು ಮೂರು ಮೂರಾಗಿ ಕೂಡುವುದರಿಂದ ಷಟ್ಕೋಣವೇ ಪ್ರಾಯಶಃ ಉಂಟಾಗುತ್ತದೆ. ಜೇನುಗೂಡಿನಂತೆ ಅತ್ಯಲ್ಪ ಗೆರೆಯಲ್ಲಿ ಅತ್ಯಧಿಕ ಸ್ಥಳವನ್ನು ಹಂಚಿಕೊಳ್ಳುವ ಆಕೃತಿ ಅದು. ನಮ್ಮ ಉತ್ತರ ಕರ್ಣಾಟಕದ ಕರಿನೆಲಕ್ಕೆ ಮೂಲವಾದ ದಖ್ಖಣದ ಶಿಲಾಪ್ರವಾಹವು ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಈಚಿನದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಭೂಮಿಯ ಉತ್ತರಭಾಗದಲ್ಲಿ ಇಂತಹ ತೀರಗಳು ಹೆಚ್ಚು. ಉತ್ತರ ಐರ್ಲೆಂಡಿನ ಆಂಟ್ರಿಮ್ ಕರೆಯಲ್ಲಿ ಸುಮಾರು ನಲವತ್ತು ಸಾವಿರ ಕಂಬಗಳು ಸಮುದ್ರದೊಳಕ್ಕೆ ಇಳಿದುಹೋಗಿವೆ. ಫಿನ್ ಮಕೂಲ್ ಎಂಬ ದೈತ್ಯನು ಸ್ಕಾಟ್ಲೆಂಡಿನ ವೈರಿಯೊಡನೆ ಸೆಣಸಲು ಹಾಕಿದ ಸೇತುವೆ ಅದೆಂದು ಅಲ್ಲಿನವರ ಕಥೆ. ಆಚೆಯ ಸ್ಟಾಫಾ ದ್ವೀಪದಲ್ಲಿಯೂ ಅದೇ ಬಗೆಯ ಕಂಬಗಳಿರುವುದರಿಂದ ಕಥೆಗೆ ಎರಡು ದಡಗಳೂ ದೊರೆತಿವೆ. ಸೇತುಬಂಧದ ಕಥೆಯನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಐಸ್‌ಲೆಂಡಿನಲ್ಲಂತೂ ಬೆಂಕಿಯು ಇಂದಿಗೂ ಆರಿಲ್ಲ. ನಮ್ಮ ದೇಶದಲ್ಲಿ ಅಂತಹ ಸ್ಥಳವೆಂದರೆ ಅಂಡಮಾನಿನ ಬ್ಯಾರೆನ್ ದ್ವೀಪವೊಂದೇ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಗುಳಿತು.

ನನಗೆ ಸಮಾಧಾನ ಕೊಟ್ಟ ಒಂದು ಸಂಗತಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ದೊಡ್ಡ ದೊಡ್ಡ ಪಂಡಿತರೇ ಈ ಕಂಬಗಳ ವಿಷಯದಲ್ಲಿ ತಪ್ಪಿದ್ದರು. ಜರ್ಮನಿಯ ವರ್ನರ್ ಎಂಬ ಪ್ರಸಿದ್ಧ ಉಪಾಧ್ಯಾಯನು ಇಂತಹ ಶಿಲೆಯು ಪುರಾತನ ಸಮುದ್ರದ ನೀರಿನಲ್ಲಿ ತಳಕಟ್ಟಿದುದೆಂದು ಬೋಧಿಸುತ್ತಿದ್ದನು. ಶಿಷ್ಯರು ಅದನ್ನೇ ದೇಶದೇಶಗಳಲ್ಲಿ ಹರಡಿದರು. ಅದಕ್ಕೂ ಮೊದಲೇ, 1763ರಲ್ಲಿ, ಫ್ರಾನ್ಸಿನ ಓವೆರ್ನ್ ಸೀಮೆಯಲ್ಲಿ ದೆಮಾರೆ ಎಂಬಾತನು ಕಂಬದ ಕಲ್ಲುಗಳ ಜಾಡನ್ನು ಹಿಡಿದು ನಡೆಯುತ್ತ, ಅವು ಆರಿದ ಅಗ್ನಿಪರ್ವತಗಳ ಪ್ರವಾಹಗಳಿಗೇ ಸೇರಿದುವೆಂಬುದನ್ನು ಕಣ್ಣಾರೆ ಕಂಡಿದ್ದನು. ವಾದಕ್ಕೆ ಬಂದವರಿಗೆ ಆತನು, ಹೋಗಿ ನೋಡಿರಿ ಎಂದಷ್ಟೇ ಉತ್ತರ ಕೊಡುತ್ತಿದ್ದನಂತೆ. ಸಮಾಧಾನವೆಂದೆನಲ್ಲವೆ? ಹಾಗೆ ನೋಡಿದರೆ ಸಮಾಧಾನವೂ ಅಲ್ಲ. ನೋಡಿಬಂದವನು ನನ್ನೆದುರಿಗೇ ನಿಂತಿದ್ದನು.

ತರ್ಕಸಂಗ್ರಹವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಹೊಗೆ ಕಂಡ ಬೆಟ್ಟದಲ್ಲಿ ಬೆಂಕಿಯುಂಟೆಂದು ಊಹಿಸಬಹುದು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೇತುವು ಹೀಗೆ ಅಡ್ಡದಾರಿ ಹಿಡಿಯುವುದನ್ನು ಸವ್ಯಭಿಚಾರವೆನ್ನುತ್ತಾರೆ. ಇದನ್ನು ಹುಡುಗರಿಂದ ಕಂಠಪಾಠ ಮಾಡಿಸಿದ ನಾನು, ‘ಕೆತ್ತಿದವನಿದ್ದಲ್ಲಿ ಕಂಬವುಂಟು’ ಎಂಬುದನ್ನು ‘ಕಂಬವಿದ್ದಲ್ಲೆಲ್ಲ ಕೆತ್ತಿದವನುಂಟು’ ಎಂದು ತಿರುಗಿಸಿಕೊಂಡು, ಹನ್ನೆರಡು ವರ್ಷದ ಬಾಲಕನ ಪ್ರತ್ಯಕ್ಷವನ್ನು ಸುಳ್ಳೆಂದೆನು. ಅವನ ಮಾತನ್ನು ಆಪ್ತವಾಕ್ಯವೆಂದು ಎಣಿಸಲು ಏನು ಅಡ್ಡಿಯಿದ್ದಿತು? ಮೀನಿನ ಲಾರಿಯವನ ಮಗನೆಂಬುದಲ್ಲದೆ ಬೇರೆ ಕಾರಣವು ನನಗೆ ಇಂದಿಗೂ ಹೊಳೆಯುವುದಿಲ್ಲ.

(ಮಹಾಭಾರತದ ಆದಿಪರ್ವದಲ್ಲಿ ಔರ್ವಋಷಿಯು ತನ್ನ ಕೋಪಾಗ್ನಿಯನ್ನು ಸಮುದ್ರದಲ್ಲಿ ಬಿಟ್ಟನೆಂದೂ ಅದು ಕುದುರೆಯ ಮುಖದ ಬಡಬಾನಲವಾಯಿತೆಂದೂ ಇದೆ. ಇದನ್ನು ಹಿಡಿದು, ನಮ್ಮವರಿಗೆ ಅಗ್ನಿಪರ್ವತಶಾಸ್ತ್ರವೆಲ್ಲ ತಿಳಿದಿದ್ದಿತೆಂದು ಸಾಧಿಸುವ ಮಿತ್ರರು ನನಗಿದ್ದಾರೆ. ಆ ಉಪಾಖ್ಯಾನದ ಸೊಬಗು ಬೇರೆ, ಇದರ ವಿಚಾರ ಬೇರೆ. ನಾನು ಆ ಗುಂಪಿಗೆ ಸೇರಿದವನಲ್ಲ.)

ಒಂದು ಕಂಬದ ನೆರಳಿನಲ್ಲಿ ಸಾರಥಿಯನ್ನು ಕೂರಿಸಿಕೊಂಡು, “ಅಪ್ಪಾ, ಅಂದು ಗುಡಿಯಲ್ಲಿ ನಿನ್ನನ್ನು ಸುಳ್ಳನೆಂದೆನಲ್ಲ, ಅದು ನನ್ನ ತಪ್ಪು” ಎಂದೆನು. ಹೇಳಲು ಗಂಟಲು ಕಟ್ಟಿತು. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಅದು ನಾನಲ್ಲ ಮೇಷ್ಟ್ರೇ, ನಮ್ಮಣ್ಣ. ನಾನು ಅವನಿಗಿಂತ ಎರಡು ವರ್ಷ ಚಿಕ್ಕವನು” ಎಂದನು. ಅನುಮಾನಪ್ರಮಾಣವು ಎರಡನೆಯ ಸಲವೂ ನನಗೆ ಕೈಕೊಟ್ಟಿತು. “ನಿಮ್ಮಣ್ಣ ಈಗೆಲ್ಲಿದ್ದಾನೆ?” ಎಂದು ಕೇಳಿದೆನು. “ಸಕಲೇಶಪುರದ ಹೊರಗೆ ಟೈರಿನ ಅಂಗಡಿ ಇಟ್ಟಿದ್ದಾನೆ. ಬರುವಾಗ ಅದರ ಮುಂದೆಯೇ ಬಂದೆವು” ಎಂದನು.

ದ್ವೀಪದಲ್ಲಿ ಇನ್ನೂ ಒಂದು ಘಂಟೆ ಇದ್ದೆವು. ಎಂಟೂವರೆ ಕೋಟಿ ವರ್ಷ ಅಲೆಗಳ ಹೊಡೆತವನ್ನೂ ಬಿಸಿಲನ್ನೂ ತಾಳಿದ ಕಲ್ಲಿನ ಮೇಲೆ ಯಾರೋ ತಮ್ಮ ಹೆಸರನ್ನೂ ಪ್ರಿಯೆಯ ಹೆಸರನ್ನೂ ಕೊರೆದಿದ್ದರು. ಹೊಯ್ಸಳರ ಶಿಲ್ಪಿಗಳೂ ತಮ್ಮ ಹೆಸರು ಕೊರೆಯುತ್ತಿದ್ದರು, ನಿಜ. ಅವರು ಕೆಲಸ ಮಾಡಿ ಕೊರೆದರು. ಕಲ್ಲಿನ ಚೂರನ್ನು ಮುಟ್ಟದೆ, ನನ್ನ ಪತ್ನಿಯು ತೀರದಲ್ಲಿ ಬಿದ್ದಿದ್ದ ನಾಲ್ಕು ಚಿಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಉತ್ತರಕ್ಕೆ ಮರವಂತೆಯವರೆಗೆ ಹೋದೆವು. ಅಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆಯಷ್ಟೇ ನೆಲ. ಮುಂದೆ ಕೊಲ್ಲೂರಿಗೆ ಹೋಗಬೇಕೆಂದು ಮನೆಯಲ್ಲಿ ಸಂಕಲ್ಪವಾಗಿದ್ದಿತು. ನನ್ನ ಮನಸ್ಸು ಸಕಲೇಶಪುರದಲ್ಲಿದ್ದುದನ್ನು ಕಂಡು ಪತ್ನಿಯೇ, “ಮೂಕಾಂಬಿಕೆ ಇನ್ನೊಂದು ಸಲ ಕರೆಸಿಕೊಳ್ಳುತ್ತಾಳೆ, ನಡೆಯಿರಿ” ಎಂದಳು.

ಘಟ್ಟವನ್ನು ಹತ್ತಿ ಸಕಲೇಶಪುರವನ್ನು ಸೇರುವಾಗ ಸಂಜೆಯಾಗಿದ್ದಿತು. ಅಂಗಡಿಯ ಮುಂದೆ ಲಾರಿಯ ಚಕ್ರವನ್ನು ಕಳಚುತ್ತಿದ್ದ ಗಟ್ಟಿಮುಟ್ಟಾದ ಗೃಹಸ್ಥನು ನನ್ನನ್ನು ಕಂಡೊಡನೆ ಎದ್ದು ನಿಂತು, ಎಣ್ಣೆಯ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು ನಮಸ್ಕರಿಸಿದನು. ತಲೆಯಲ್ಲಿ ನರೆ. ನಾನು ಹೇಳಬೇಕಾದುದನ್ನು ನಿಂತೇ ಹೇಳಿದೆನು. ಅವನು ಏನೂ ಉತ್ತರ ಕೊಡದೆ, ಒಳಗಿನಿಂದ ಎರಡು ಕುರ್ಚಿಗಳನ್ನು ತಂದು ಹಾಕಿ, ಹುಡುಗನೊಬ್ಬನನ್ನು ಚಹಕ್ಕೆ ಓಡಿಸಿದನು. ಬಂದ ಗಿರಾಕಿಯೊಬ್ಬನು ಅವನನ್ನು “ಕಂಬಣ್ಣ” ಎಂದು ಕರೆದನು. ನಾನು ನೆಲವನ್ನು ನೋಡಿದೆನು.

“ಹೆಸರು ಅಭ್ಯಾಸವಾಗಿಹೋಗಿದೆ ಬಿಡಿ ಮೇಷ್ಟ್ರೇ,” ಎಂದನು ಅವನು. “ಶಾಲೆ ಬಿಟ್ಟದ್ದು ಅದಕ್ಕೊಂದಕ್ಕೇ ಅಲ್ಲ. ಅಪ್ಪನಿಗೆ ಕೈಲಾಗದೆ ಹೋಯಿತು. ಆದರೆ ಆ ದಿನ ಬಹಳ ನೊಂದುಕೊಂಡೆ.” ಬಳಿಕ ಸ್ವಲ್ಪ ತಡೆದು, “ಆ ಕಂಬಗಳು ಹಾಗೇಕೆ ಆಗುತ್ತವೆ? ಯಾರನ್ನೂ ಮತ್ತೆ ಕೇಳಲಿಲ್ಲ” ಎಂದನು.

ಟೈರಿನ ಮೇಲೆ ಗುರುತು ಹಾಕಲು ಇಟ್ಟಿದ್ದ ಸೀಮೆಸುಣ್ಣವನ್ನು ತೆಗೆದುಕೊಂಡು, ಅಂಗಡಿಯ ಸಿಮೆಂಟಿನ ನೆಲದ ಮೇಲೆ ಕುಳಿತು ನಾನು ಷಟ್ಕೋಣಗಳನ್ನು ಬರೆದೆನು. ಬತ್ತಿದ ಕೆರೆಯನ್ನೂ, ಆರುವ ಶಿಲಾರಸವನ್ನೂ, ಕೆಳಕ್ಕಿಳಿಯುವ ಬಿರುಕನ್ನೂ ಹೇಳಿದೆನು. ಅಣ್ಣತಮ್ಮಂದಿರಿಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದರು; ಗಿರಾಕಿಯೂ ಕೇಳಿದನು. ನನ್ನ ಪತ್ನಿಯು ಚಿಪ್ಪುಗಳನ್ನು ಅವನ ಮಗಳಿಗೆಂದು ಕೊಟ್ಟಳು. ಎಲ್ಲವೂ ಮುಗಿದ ಮೇಲೆ ಅವನು ನನ್ನ ಚಿತ್ರದ ಮೇಲೆ ಬೆರಳಿಟ್ಟು ಹೇಳಿದನು: “ಎಲ್ಲಕ್ಕೂ ಆರೇ ಮೂಲೆ ಹಾಕಿದ್ದೀರಿ. ಅಲ್ಲಿ ಐದು ಮೂಲೆಯವೂ ಇದ್ದುವು ಮೇಷ್ಟ್ರೇ, ಏಳರವೂ ಇದ್ದುವು. ಅವತ್ತೇ ನಾನು ಎಣಿಸಿದ್ದೆ.”